ಅಪ್ಪ ಕೂಗಿದ ನಡೆ

ನಮ್ಮ ತಿಕೋಟಾದ ಹಣಮಪ್ಪನ ಗುಡಿ ಕಟ್ಟೆಯ ಮೇಲೆ ಚದುರಂಗದ ಹಾಸಿನ ಮುಂದೆ ಕೂಡುತ್ತಿದ್ದವರು ಇಬ್ಬರೇ. ಆಡುತ್ತಿದ್ದವರು ಮಾತ್ರ ಕಟ್ಟೆಯ ತುಂಬ ಇರುತ್ತಿದ್ದರು. ಬೆನ್ನ ಹಿಂದೆ ನಿಂತವರು, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತವರು, ಎತ್ತು ಹೊಡೆದುಕೊಂಡು ಹೊಲಕ್ಕೆ ಹೊರಟವರು ಸಹ ಒಂದು ಗಳಿಗೆ ನಿಂತು ಬಾಯಿ ಹಾಕಿಯೇ ಮುಂದೆ ಹೋಗುತ್ತಿದ್ದರು. "ಒಂಟಿ ಎಳಿ", "ಪ್ಯಾದಿ ದೂಡಲೇ", "ವಜೀರ ಹೋದ ನೋಡು" ಎಂದು ಒಂದೇ ಗದ್ದಲ. ಇದನ್ನು ಯಾರೂ ತಪ್ಪು ಎನ್ನುತ್ತಿರಲಿಲ್ಲ. ನಮ್ಮಲ್ಲಿ ತಪ್ಪು ಅಂತ ಇದ್ದದ್ದು ಸುಮ್ಮನಿರುವುದರಲ್ಲಿ. ನಿಮ್ಮ ಹಿಂದೆ ನಿಂತವನು ಬಾಯಿ ಬಿಡದಿದ್ದರೆ ಅವನು ಎದುರಿನವನ ಕಡೆಯವನು ಎಂದೇ ಅರ್ಥ. ಈ ಒಂದು ಕಾರಣಕ್ಕೆ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದನ್ನು ನಾನು ನೋಡಿದ್ದೇನೆ.

ಆ ಕಟ್ಟೆಯಲ್ಲಿ ನಮ್ಮಪ್ಪನಷ್ಟು ದೊಡ್ಡ ದನಿ ಇನ್ನೊಬ್ಬರಿಗಿರಲಿಲ್ಲ. ಅವನಷ್ಟು ಕಡಿಮೆ ಆಟ ಬರುತ್ತಿದ್ದವರೂ ಇರಲಿಲ್ಲ. ಅಪ್ಪ ಒಳ್ಳೆಯ ರೈತ, ಜೋಳದ ಪೈರು ದೂರದಿಂದ ನೋಡಿಯೇ ಇಳುವರಿ ಹೇಳುತ್ತಿದ್ದ. ಚದುರಂಗದಲ್ಲಿ ಮಾತ್ರ ಅವನಿಗೆ ಗೊತ್ತಿದ್ದದ್ದು ಒಂದೇ ಒಂದು ಸಲಹೆ. ಅಪ್ಪ ವಯಸ್ಸಿನಲ್ಲಿದ್ದಾಗ ಯಾವನೋ ಪರವೂರಿನ ಆಟಗಾರ ಬಂದು ಇದೇ ಕಟ್ಟೆಯ ಮೇಲೆ ತನ್ನ ಆನೆಯನ್ನು ಬೇಕಂತಲೇ ಹೊಡೆಸಿ, ಎಲ್ಲರೂ ನಗುವಷ್ಟರಲ್ಲಿ ರಾಜನನ್ನು ಕಟ್ಟಿಹಾಕಿದ್ದನಂತೆ. ಅದು ಅಪ್ಪನ ತಲೆಯಲ್ಲಿ ಕೂತುಬಿಟ್ಟಿತ್ತು. ಆಟ ಯಾರದೇ ಇರಲಿ, ಹೇಗೇ ಇರಲಿ, ಅಪ್ಪ ಬಂದು ನಿಂತು ಕೂಗುತ್ತಿದ್ದದ್ದು ಒಂದೇ: "ಆನಿ ಕೊಟ್ಟಬಿಡಲೇ." ಅವನು ಓಣಿಯ ತಿರುವಿನಲ್ಲಿ ಕಂಡರೆ ಸಾಕು, "ಬಂದ್ರಪಾ ಆನಿ ದಾನ ಮಾಡಾವ್ರು" ಎಂದು ಕಟ್ಟೆ ನಗುತ್ತಿತ್ತು. ಅಪ್ಪನೂ ನಗುತ್ತಿದ್ದ, ಆಮೇಲೆ ಆನೆ ಕೊಡಲು ಹೇಳುತ್ತಿದ್ದ. ಯಾರೂ ಕೊಡುತ್ತಿರಲಿಲ್ಲ.

ನನಗೆ ಆಟ ಕಲಿಸಿದವರು ಮಸೂತಿ ಓಣಿಯ ದರ್ಜಿ ಚಾಚಾ. ಊರಿಗೆಲ್ಲ ಅಂಗಿ ಹೊಲಿಯುತ್ತಿದ್ದ ಚಾಚಾ ಮಧ್ಯಾಹ್ನ ಮಷೀನು ನಿಲ್ಲಿಸಿ ಕಟ್ಟೆಗೆ ಬಂದರೆ ಅವರನ್ನು ಸೋಲಿಸುವವರು ಇರಲಿಲ್ಲ. ಸಾಲಿಯ ಚೀಲ ಹೆಗಲಲ್ಲಿದ್ದಾಗಲೇ ನಾನು ಅವರ ಎದುರು ಕೂಡುತ್ತಿದ್ದೆ. ಒಂದು ಮಳೆಗಾಲದಲ್ಲಿ ಅವರನ್ನು ಸೋಲಿಸಿದೆ, ಮತ್ತೆ ಸೋಲಿಸಿದೆ. ಚಾಚಾ ಅಪ್ಪನಿಗೆ, "ಇವನ್ನ ಇಲ್ಲಿ ಇಟ್ಕೋಬ್ಯಾಡ, ಹಾಳಾಗ್ತಾನ. ನಮ್ಮ ಗದ್ದಲದಾಗ ಇವಗ ಕಲಿಯೂದು ಏನೂ ಉಳಿದಿಲ್ಲ" ಎಂದರು.

ಬಬಲೇಶ್ವರದಲ್ಲಿ ನನ್ನ ಸೋದರಮಾವ ಪ್ರಾಥಮಿಕ ಶಾಲೆಯ ಮಾಸ್ತರ. ಅವರು ಓದುವಾಗ ಧಾರವಾಡದಲ್ಲಿದ್ದವರು, ಅಲ್ಲಿ ಹೊಸ ರೀತಿಯ ಆಟ ಕಲಿತು ಬಂದಿದ್ದರು. ಬ್ಯಾಸಿಗೆ ರಜೆಗೆ ಅವ್ವನ ಜೋಡಿ ಹೋದಾಗ ಮಾವ ನನ್ನನ್ನು ಪಡಸಾಲೆಯಲ್ಲಿ ಕೂಡಿಸಿ, "ಅಳಿಯಾ, ಕಟ್ಟಿ ಆಟ ಮರತಬಿಡು" ಎಂದರು. ನಮ್ಮಲ್ಲಿ ರಾಜ ಆಟದಲ್ಲಿ ಒಂದು ಸಲ ಕುದುರೆಯ ಹಾಗೆ ಜಿಗಿದು ಪಾರಾಗಬಹುದಿತ್ತು. ಹೊಸ ಆಟದಲ್ಲಿ ಅದಿಲ್ಲ, ಆನೆಯ ಮರೆಗೆ ಸರಿದು ಕೋಟೆ ಕಟ್ಟಬೇಕು. ಪ್ಯಾದೆ ಮೊದಲ ನಡೆಯಲ್ಲಿ ಎರಡು ಮನೆ ದಾಟಬಹುದು. ಮುಟ್ಟಿದ ಕಾಯಿ ಆಡಲೇಬೇಕು. ಕಡೆಗೆ ಮಾವ ಹೇಳಿದ್ದು ನನಗೆ ಎಲ್ಲಕ್ಕಿಂತ ವಿಚಿತ್ರ ಅನಿಸಿತು: "ಮತ್ತ, ಯಾರೂ ಮಾತಾಡಾಂಗಿಲ್ಲ."

ಹೈಸ್ಕೂಲಿಗೆ ನನ್ನನ್ನು ವಿಜಾಪುರಕ್ಕೆ ಹಾಕಿದರು. ಈಗ ಊರಿನ ಹೆಸರು ವಿಜಯಪುರ, ನಮ್ಮ ಬಾಯಲ್ಲಿ ಆಗ ವಿಜಾಪುರ. ಅಥಣಿ ರಸ್ತೆಯ ಕಡೆ ಒಂದು ಕೋಣೆಯಲ್ಲಿ ಊರಿನ ಇನ್ನಿಬ್ಬರು ಹುಡುಗರ ಜೋಡಿ ಇದ್ದೆ. ಬುತ್ತಿ ಊರಿಂದ ಬಸ್ಸಿನಲ್ಲಿ ಬರುತ್ತಿತ್ತು. ಅವ್ವ ರೊಟ್ಟಿ, ಹಿಂಡಿ ಅನ್ನುವ ಶೇಂಗಾ ಚಟ್ನಿಪುಡಿ, ಝುಣಕ ಅರಿವೆಯಲ್ಲಿ ಕಟ್ಟಿ ಕಂಡಕ್ಟರನ ಕೈಗೆ ಕೊಟ್ಟರೆ, ನಾವು ಸಾಲಿ ಬಿಟ್ಟ ಮೇಲೆ ಹೋಗಿ ಗಂಟು ಗುರುತು ಹಿಡಿದು ತರುತ್ತಿದ್ದೆವು.

ಮಾವ ಒಂದು ಭಾನುವಾರ ಬಬಲೇಶ್ವರದಿಂದ ಬಂದು ನನ್ನನ್ನು ವಿಜಾಪುರದ ದೊಡ್ಡ ಮಂದಿಯ ಕ್ಲಬ್ಬಿಗೆ ಕರೆದುಕೊಂಡು ಹೋದರು. ವಕೀಲರು, ಡಾಕ್ಟರು, ಇಂಜಿನಿಯರು, ಪೆನ್ಶನ್ ಆದ ಮಾಮಲೇದಾರರು ಅಲ್ಲಿ ಚದುರಂಗ ಆಡುತ್ತಿದ್ದರು. ಹಂಚಿನ ಮನೆ, ಎತ್ತರದ ಕಿಟಕಿ, ಬೆತ್ತದ ಕುರ್ಚಿ. ಒಳಗೆ ಅಷ್ಟು ಮಂದಿ ಇದ್ದರೂ ಕೇಳುತ್ತಿದ್ದದ್ದು ಬಸಿಯ ಮೇಲೆ ಕಪ್ಪು ಇಡುವ ಸಪ್ಪಳ ಮಾತ್ರ. ಹಿಂದೆ ನಿಂತು ನೋಡುವವರು ಕೈ ಕಟ್ಟಿಕೊಂಡು ನಿಂತಿದ್ದರು. ಇವರೆಲ್ಲ ಯಾರ ಕಡೆಯವರು ಎಂದು ನನಗೆ ತಿಳಿಯಲೇ ಇಲ್ಲ.

ಮೊದಲ ದಿನವೇ ನನ್ನ ಮಾನ ಹೋಯಿತು. ಮಾಮಲೇದಾರರು ನನ್ನ ರಾಜನಿಗೆ ಶಹ ಕೊಟ್ಟರು. ಮಾವ ಕಲಿಸಿದ್ದೆಲ್ಲ ತಲೆಯಲ್ಲಿತ್ತು, ಆದರೆ ಗಾಬರಿಯಲ್ಲಿ ಕೈ ಕಟ್ಟೆಯದಾಗಿಬಿಟ್ಟಿತು. ರಾಜನನ್ನು ಎತ್ತಿ ಕುದುರೆಯ ಹಾಗೆ ಜಿಗಿಸಿ ಇಟ್ಟೆ. ಪಕ್ಕದಲ್ಲಿದ್ದ ವಕೀಲರು, "ಇದ್ಯಾವ ಊರ ರಾಜಾ ರೀ, ಕುದುರಿ ಹತ್ತಿ ಓಡಿ ಹೊಂಟಾನ?" ಎಂದರು. ನಗಬಾರದ ಜಾಗದಲ್ಲಿ ಎಲ್ಲರೂ ನಕ್ಕರು. ಮೇಜಿನ ಕೆಳಗೆ ನನ್ನ ಬರಿಗಾಲು ಒಂದರ ಮೇಲೊಂದು ಮುಚ್ಚಿಕೊಂಡವು. ವಕೀಲರು ಕೆಟ್ಟ ಮನುಷ್ಯರಲ್ಲ. ನಕ್ಕು ಮುಗಿಸಿ, "ನಡಿ ಹಿಂದಕ್ಕ ತಗೋ, ಮತ್ತ ಆಡು" ಎಂದರು. ಆ ಆಟ ನಾನು ಗೆದ್ದೆ, ಆದರೆ ಮನಸ್ಸಿನಲ್ಲಿ ಉಳಿದದ್ದು ನಗುವೇ.

ಆಮೇಲೆ ಪ್ರತಿ ಭಾನುವಾರ ಹೋದೆ. ಡಾಕ್ಟರು ಸೋತರು, ಇಂಜಿನಿಯರು ಸೋತರು. ಮಾಮಲೇದಾರರು ಮತ್ತೆ ಸೋತ ಮೇಲೆ, "ಇವನ ವಯಸ್ಸಿನಾಗ ನಾವು ಗೋಲಿ ಆಡ್ತಿದ್ವಿ" ಎಂದು ಎಲ್ಲರಿಗೂ ಹೇಳುತ್ತ ತಿರುಗಿದರು. ನಿಂತು ಕಾಯುತ್ತಿದ್ದ ನನಗೆ ಒಂದು ಕುರ್ಚಿ ಬಂತು, ಚಹಾ ಬಂತು. ನನ್ನ ಆಟ ನೋಡಲು ಬೇರೆ ಮೇಜಿನವರು ಎದ್ದು ಬರತೊಡಗಿದರು. ಇಷ್ಟೆಲ್ಲ ಆದಾಗ ಹುಡುಗನಿಗೆ ಖುಷಿಯಾಗಬೇಕು. ನನಗೆ ಆದದ್ದು ನಾಚಿಕೆ. ಅವರು ಹತ್ತಿರ ಬಂದಷ್ಟೂ ನನ್ನ ತೇಪೆಯ ಚಡ್ಡಿ, ಬುತ್ತಿಯ ಹಿಂಡಿ ವಾಸನೆ ಹತ್ತಿದ ಕೈ, ನನ್ನ ಮಾತಿನ ಧಾಟಿ ಎಲ್ಲವೂ ಎದ್ದು ಕಾಣುತ್ತವೆ ಅನಿಸುತ್ತಿತ್ತು. ಕ್ಲಬ್ಬಿಗೆ ಹೋಗುವ ಮೊದಲು ನಲ್ಲಿಯ ಕೆಳಗೆ ಕೈ ತಿಕ್ಕಿ ತಿಕ್ಕಿ ತೊಳೆಯುತ್ತಿದ್ದೆ.

ಊರಿಗೆ ಹೋದಾಗ ಅಪ್ಪ ಎಲ್ಲವನ್ನೂ ಕೇಳುತ್ತಿದ್ದ. ಕುರ್ಚಿ ಹೇಗಿದೆ, ಚಹಾದಲ್ಲಿ ಹಾಲು ಎಷ್ಟು, ಕಾಯಿ ಯಾವ ಕಟ್ಟಿಗೆಯವು.

"ಮತ್ತ ಅಲ್ಲಿ ನಿನಗ ಹೇಳಾವ್ರು ಯಾರು?" ಎಂದ ಒಮ್ಮೆ.

"ಯಾರೂ ಹೇಳಾಂಗಿಲ್ಲ ಯಪ್ಪಾ. ಮಾತಾಡಿದ್ರ ಹೊರಗ ಹಾಕ್ತಾರ."

ಅಪ್ಪ ತಂಬಾಕು ತಿಕ್ಕಿ ಬಾಯಿಗೆ ಹಾಕಿಕೊಂಡ. "ಅಷ್ಟ ಮಂದ್ಯಾಗ ನಿನ್ನ ಕಡೆ ಒಬ್ಬರೂ ಇಲ್ಲಂದಂಗಾತು" ಎಂದ. ಅವನ ದನಿಯಲ್ಲಿ ನಿಜವಾದ ಕನಿಕರ ಇತ್ತು. ನಾನು ನಕ್ಕೆ. ಇವನಿಗೆ ಏನು ಹೇಳುವುದು ಎಂದುಕೊಂಡೆ.

ಆ ವರ್ಷ ಕ್ಲಬ್ಬಿನವರು ಒಂದು ಪಂದ್ಯ ಇಟ್ಟರು. ಗೆದ್ದವರನ್ನು ವಿಜಾಪುರದ ಪರವಾಗಿ ಧಾರವಾಡಕ್ಕೆ ಆಡಲು ಕಳಿಸುವುದು ಎಂದು ಮಾತಾಯಿತು. ಧಾರವಾಡದಲ್ಲಿ ಮುಂಬೈ, ಪುಣೆ ಕಡೆಯ ಆಟಗಾರರು ಬರುವವರಿದ್ದರು. ನನಗೆ ರಾತ್ರಿ ಹಗಲು ಅದೇ ಧ್ಯಾನ. ಕೊನೆಗೆ ಉಳಿದವರು ನಾನು ಮತ್ತು ವಕೀಲರು. ಅವರು ಆ ಊರಿನಲ್ಲೇ ದೊಡ್ಡ ಆಟಗಾರರು, ಅಲ್ಲಿಯವರೆಗೆ ನನಗೆ ಸೋಲದೆ ಉಳಿದವರು ಅವರೊಬ್ಬರೇ.

ಆಟ ಭಾನುವಾರ ಮುಂಜಾನೆ ಸುರುವಾಯಿತು. ಪೆನ್ಶನ್ ಆದ ಒಬ್ಬ ಹೆಡ್‌ಮಾಸ್ತರರು ಪಂಚರಾಗಿ ಕೂತಿದ್ದರು. ಊಟದ ಹೊತ್ತು ಸಮೀಪಿಸುವಾಗ ನನಗೆ ಒಂದು ದಾರಿ ಕಂಡಿತು. ನನ್ನ ಆನೆಯನ್ನು ಅವರ ರಾಜನ ಮುಂದಿನ ಪ್ಯಾದೆಯ ಬಾಯಿಗೆ ಕೊಡಬೇಕು. ಅವರು ಹೊಡೆದರೆ ನನ್ನ ಒಂಟೆಗೆ ದಾರಿ ತೆರೆಯುತ್ತದೆ, ಹೊಡೆಯದಿದ್ದರೆ ಕುದುರೆ ಬರುತ್ತದೆ. ಎರಡೂ ಕಡೆ ಅವರ ರಾಜ ಉಳಿಯುವುದಿಲ್ಲ. ಮುಟ್ಟಿದ ಮೇಲೆ ಹಿಂದಕ್ಕಿಲ್ಲ, ಅದಕ್ಕೆ ಕೈ ತೊಡೆಯ ಕೆಳಗೆ ಇಟ್ಟುಕೊಂಡು ಮತ್ತೆ ಮತ್ತೆ ನೋಡಿದೆ. ಎಲ್ಲೂ ತೂತು ಇರಲಿಲ್ಲ. ಇಷ್ಟು ಚೆಂದದ ನಡೆ ನನಗೆ ಅದಕ್ಕಿಂತ ಮೊದಲು ಸಿಕ್ಕಿರಲಿಲ್ಲ.

ಆಗ ನನಗೆ ಹಿಂಡಿ ವಾಸನೆ ಬಂತು. ಹೊರಳಿ ನೋಡದೆಯೇ ತಿಳಿಯಿತು. ಬಸ್ಸಿಗೆ ಕೊಡಬೇಕಾಗಿದ್ದ ಬುತ್ತಿಯನ್ನು ಅಪ್ಪ ತಾನೇ ಹಿಡಿದು ಬಂದಿದ್ದ. ಚಪ್ಪಲಿ ಹೊರಗೆ ಬಿಟ್ಟು, ಗಂಟು ಕಂಕುಳಲ್ಲಿ ಇಟ್ಟುಕೊಂಡು ನನ್ನ ಕುರ್ಚಿಯ ಹಿಂದೆ ನಿಂತಿದ್ದ. ಅವನ ಉಸಿರು ಕೇಳುತ್ತಿತ್ತು. ಸುಮ್ಮನಿದ್ದ. ಬಹಳ ಹೊತ್ತು ಸುಮ್ಮನಿದ್ದ, ಇದನ್ನು ನಾನು ಹೇಳಲೇಬೇಕು. ನಾನು ಹೇಳಿದ್ದು ಅವನಿಗೆ ನೆನಪಿತ್ತು. ಆದರೆ ಮಗ ತಲೆ ಬಗ್ಗಿಸಿ ಕೂತಿದ್ದಾನೆ, ಎದುರಿಗೆ ಕರಿ ಕೋಟಿನವರು ಆರಾಮವಾಗಿದ್ದಾರೆ, ಸುತ್ತ ನಿಂತವರಲ್ಲಿ ಒಬ್ಬನೂ ಮಗನ ಪರವಾಗಿ ತುಟಿ ಪಿಟಕ್ಕೆನ್ನುತ್ತಿಲ್ಲ. ಎಷ್ಟು ಅಂತ ತಡೆದಾನು?

"ಆನಿ ಕೊಟ್ಟಬಿಡಲೇ" ಎಂದ ಅಪ್ಪ. "ಯಾಕ ಹಂಗ ಕುಂತಿ?"

ಹೊಲದ ಈ ಬದುವಿನಿಂದ ಆ ಬದುವಿಗೆ ಕೇಳಿಸುವ ದನಿ ಅದು. ಒಬ್ಬರ ಕೈಯಲ್ಲಿದ್ದ ಚಹಾ ತುಳುಕಿತು. ಹೆಡ್‌ಮಾಸ್ತರರು ಎದ್ದು ನಿಂತು, "ಯಾರ್ರೀ ನೀವು?" ಎಂದರು.

"ನಾ ಇವನ ಅಪ್ಪ ಅದೀನ್ರಿ" ಎಂದ ಅಪ್ಪ, ಖುಷಿಯಿಂದ. ಯಾರಾದರೂ ಈಗ ಕೂಡಲು ಹೇಳುತ್ತಾರೆ ಎಂದು ಅವನು ತಿಳಿದಂತಿತ್ತು.

ಜೀವಮಾನವಿಡೀ ಕೂಗಿದ ಸಲಹೆ. ಒಂದು ಸಲವೂ ಸರಿ ಇರದ ಸಲಹೆ. ಆ ದಿನ, ಆ ಹಾಸಿನ ಮೇಲೆ, ಆ ಗಳಿಗೆಯಲ್ಲಿ ಅದು ಸರಿ ಇತ್ತು. ಅಪ್ಪ ಯಾವಾಗಲೂ ಇದನ್ನೇ ಕೂಗುವವನೆಂದು ಕ್ಲಬ್ಬಿನವರಿಗೆ ಹೇಗೆ ಗೊತ್ತಾಗಬೇಕು? ಅವರು ಹಾಸು ನೋಡಿದರು, ಆನೆ ನೋಡಿದರು. ವಕೀಲರ ಹುಬ್ಬು ಸ್ವಲ್ಪ ಮೇಲೇರಿತು. ಅವರಿಗೆ ಆ ನಡೆ ಆಗ ಕಂಡಿತು ಎಂದು ನನಗೆ ತಿಳಿಯಿತು.

"ಹುಡುಗ ಇನ್ನೂ ಆಡಿಲ್ಲ. ಇದಕ್ಕೇನು ಮಾಡೂಣು?" ಎಂದರು ಹೆಡ್‌ಮಾಸ್ತರರು.

"ಏನ್ ಮಾಡೂದೈತ್ರಿ ಇದರಾಗ?" ಎಂದರು ವಕೀಲರು. "ಅವ ತನಗ ತಿಳಿದಿದ್ದು ಆಡ್ಲಿ. ಆನಿ ಕೊಡೂದಿದ್ರ ಕೊಡ್ಲಿ, ನಂದೇನೂ ತಕರಾರಿಲ್ಲ."

ಅವರು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಈ ದೊಡ್ಡತನವೇ ನನ್ನನ್ನು ಕೊಂದಿತು. ಆನೆ ಕೊಟ್ಟು ಗೆದ್ದರೆ ನಾನು ಅಪ್ಪ ಹೇಳಿಕೊಟ್ಟದ್ದನ್ನು ಆಡಿದವನು, ವಕೀಲರು ಬಿಟ್ಟುಕೊಟ್ಟದ್ದಕ್ಕೆ ಗೆದ್ದವನು. ಧಾರವಾಡಕ್ಕೆ ಹೋದರೂ ಅದನ್ನೇ ಹೊತ್ತುಕೊಂಡು ಹೋಗಬೇಕು. ಅಪ್ಪನನ್ನು ಹೊರಗೆ ನಿಲ್ಲಲು ಹೇಳಿದರು. ಅವನು ಬಗ್ಗಿ ಬುತ್ತಿಯ ಗಂಟನ್ನು ನನ್ನ ಕುರ್ಚಿಯ ಕೆಳಗೆ ಸರಿಸಿಟ್ಟು, ಎಲ್ಲರಿಗೂ ಕೈ ಮುಗಿದು ಹೋದ. ಯಾರೂ ತಿರುಗಿ ಕೈ ಮುಗಿಯಲಿಲ್ಲ. ನಾನು ತಲೆ ಎತ್ತಲಿಲ್ಲ.

ವಜೀರನನ್ನು ಎಳೆದೆ. ಅದು ತಪ್ಪು ನಡೆಯೆಂದು ಎಳೆಯುವಾಗಲೇ ಗೊತ್ತಿತ್ತು. ಅಲ್ಲಿಂದ ಆಟ ಇಳಿಯುತ್ತ ಹೋಗಿ ಸೋತೆ. ವಕೀಲರು ಕಾಯಿಗಳನ್ನು ಡಬ್ಬಿಗೆ ಹಾಕುವಾಗ ಯಾರಿಗೂ ಕೇಳದ ಹಾಗೆ, "ಕೊಟ್ಟಿದ್ರ ನಾ ಹೋಗ್ತಿದ್ದೆ, ಹೌದಿಲ್ಲೋ?" ಎಂದರು. ನಾನು ತಲೆಯಾಡಿಸಿದೆ.

ಅಪ್ಪ ರಸ್ತೆಯ ಆಚೆ ಬೇವಿನ ಗಿಡದ ಕೆಳಗೆ ಕೂತಿದ್ದ. ಮರುದಿನ ಹಬ್ಬದ ಸೂಟಿ ಇತ್ತು, ನಾನೂ ಅವನ ಜೋಡಿ ಊರಿಗೆ ಹೊರಟೆ. ಬಸ್ಸಿನಲ್ಲಿ ಕೂತು, ಇಬ್ರಾಹಿಂ ರೋಜಾದ ಮಿನಾರುಗಳು ಹಿಂದೆ ಸರಿದ ಮೇಲೆ ಅಪ್ಪ ಮೆಲ್ಲಗೆ ಕೇಳಿದ.

"ಆನಿ ಕೊಟ್ಟಿದ್ರ ಏನಾಕ್ಕಿತ್ತೋ?"

ನನಗೆ ಆಗ ಬೇರೆ ಏನು ಬೇಕಾದರೂ ಸುಳ್ಳು ಹೇಳಲು ಬರುತ್ತಿತ್ತು. ಹಾಸಿನ ವಿಷಯದಲ್ಲಿ ಬರುತ್ತಿರಲಿಲ್ಲ.

"ಗೆಲ್ತಿದ್ದೆ" ಎಂದೆ.

ಅಪ್ಪ ನನ್ನ ಕಡೆ ಪೂರ್ತಿ ಹೊರಳಿದ. "ಖರೇನ?"

"ಖರೇನ."

ಅವನ ಮುಖ ಅರಳಿತು. ತೊಡೆ ತಟ್ಟಿಕೊಂಡ. "ಹೇಳಿದ್ನಿಲ್ಲೋ! ನಾ ಹೇಳೇನ, ನೀ ಕೇಳಿಲ್ಲ." ಮಗ ಸೋತದ್ದರ ದುಃಖವನ್ನು ಮೀರಿ ಅವನಿಗೆ ತಾನು ಸರಿ ಇದ್ದೆ ಎನ್ನುವುದೇ ದೊಡ್ಡದಾಯಿತು. ಬಸ್ಸು ತೊರವಿ ದಾಟುವಷ್ಟರಲ್ಲಿ ಮುಂದಿನ ಸೀಟಿನವರಿಗೆ, ಹಿಂದಿನ ಸೀಟಿನವರಿಗೆ, ಟಿಕೀಟು ಹರಿಯಲು ಬಂದ ಕಂಡಕ್ಟರನಿಗೆ ಎಲ್ಲ ಹೇಳಿ ಮುಗಿಸಿದ್ದ. ವಿಜಾಪುರದ ದೊಡ್ಡ ವಕೀಲರ ಎದುರು ತಾನು ಹೇಳಿದ ನಡೆ ಸರಿ ಇತ್ತು, ಹುಡುಗ ಹಟಮಾರಿ, ಕೇಳಲಿಲ್ಲ. ನಾನು ಕಿಟಕಿಯ ಸರಳಿಗೆ ಹಣೆ ಒತ್ತಿಕೊಂಡು ಕೂತೆ. ಅವನ ಸಲುವಾಗಿ ನಾಚಿಕೆ, ಅವನ ಮಗನಾಗಿರುವುದಕ್ಕೆ ನಾಚಿಕೆ, ಹೀಗೆ ನಾಚಿಕೊಳ್ಳುತ್ತಿದ್ದೇನಲ್ಲ ಎಂದು ಇನ್ನಷ್ಟು ನಾಚಿಕೆ.

ಕಟ್ಟೆಯಲ್ಲಿ ಅಪ್ಪನ ವರ್ಚಸ್ಸು ಬೆಳೆಯಿತು. ಅವನು ಬಂದರೆ ಈಗ ಯಾರೂ ನಗುತ್ತಿರಲಿಲ್ಲ. ಒಬ್ಬಿಬ್ಬರು ಅವನು ಹೇಳಿದನೆಂದು ಆನೆ ಕೊಟ್ಟು ಸೋತರು, ಅದಕ್ಕೂ ಏನೋ ಕಾರಣ ಇರಬೇಕು ಎಂದುಕೊಂಡರು. ಅಪ್ಪ ಸುಖವಾಗಿದ್ದ. ದೀಪಾವಳಿಗೆ ನಾನು ಊರಿಗೆ ಬಂದಾಗ ಕಟ್ಟೆಯಲ್ಲಿ ನನ್ನ ಹೆಗಲ ಮೇಲೆ ಕೈ ಹಾಕಿ, "ಮಗಾ ಶಾಣ್ಯಾನ, ಅಪ್ಪನ ಮಾತ ಮಾತ್ರ ಕೇಳಾಂಗಿಲ್ಲ" ಎಂದು ಚೇಷ್ಟೆ ಮಾಡಿದ. ಎದುರಿಗೆ ಚಾಚಾ ಕಾಯಿ ಜೋಡಿಸುತ್ತಿದ್ದರು. ನಾನು ಮಾವನಿಗೆ ಒಬ್ಬರಿಗೇ ಹೇಳಿಕೊಂಡಿದ್ದನ್ನು ಮಾವ ಅವರಿಗೆ ಹೇಳಿದ್ದರು. ಚಾಚಾಗೆ ತಡೆಯಲಾಗಲಿಲ್ಲ.

"ನೀ ಹೇಳಿದ್ದಕ್ಕ ಅವ ಆಡ್ಲಿಲ್ಲೋ ಮಾರಾಯಾ" ಎಂದರು. "ಹುಡುಗ ಮೊದಲ ನೋಡಿಟ್ಟಿದ್ದ ಆ ನಡೀನ. ನೀ ಒದರಿದಿ. ಆಮ್ಯಾಲ ಆಡಿದ್ರ ನಿಂದಾಕ್ಕಿತ್ತು, ಅವಂದಾಕ್ಕಿರಲಿಲ್ಲ. ನೀ ಸುಮ್ಮ ನಿಂತಿದ್ರ ಅವ ಧಾರವಾಡ ಕಾಣ್ತಿದ್ದ."

ಅಪ್ಪನ ಕೈ ನನ್ನ ಹೆಗಲ ಮೇಲೆಯೇ ಇತ್ತು. ಅವನು ನನ್ನ ಮುಖ ನೋಡಿದ. ನಾನು ಹಾಸಿನ ಕಡೆ ನೋಡಿದೆ. ಕೈ ಮೆಲ್ಲಗೆ ಇಳಿಯಿತು. "ಎತ್ತಿಗೆ ನೀರ ಕುಡಿಸಬೇಕು" ಎಂದು ಎದ್ದು ಹೋದ.

ಮುಂದಿನ ವರ್ಷ ನಾನು ಪಂದ್ಯ ಗೆದ್ದೆ. ಮಾವ ಧಾರವಾಡಕ್ಕೆ ಕರೆದುಕೊಂಡು ಹೋದರು. ಅಲ್ಲಿ ಪುಸ್ತಕ ಓದಿ ಆಡುವವರನ್ನು ಸೋಲಿಸಿದೆ, ಪುಣೆಯ ಒಬ್ಬ ಹಿರಿಯ ಆಟಗಾರರು ಆಟ ಮುಗಿದ ಮೇಲೆ ಎದ್ದು ನಿಂತು ನನ್ನ ಕೈ ಹಿಡಿದರು. ಆಮೇಲೆ ಸೊಲ್ಲಾಪುರ, ಪುಣೆ, ಒಂದು ಸಲ ಮುಂಬೈ. ವಿಜಾಪುರದ ಕ್ಲಬ್ಬಿನಲ್ಲಿ ನಾನು ಒಳಗೆ ಬಂದರೆ ದೊಡ್ಡವರು ಜಾಗ ಬಿಡುತ್ತಿದ್ದರು. ಅಪ್ಪ ಆ ಕಡೆ ಮತ್ತೆ ಬರಲಿಲ್ಲ. ಬುತ್ತಿ ಬಸ್ಸಿನಲ್ಲೇ ಬರುತ್ತಿತ್ತು. ಕಟ್ಟೆಗೆ ಬಂದರೂ ಅವನು ಹೆಗಲ ಮೇಲಿನ ಟವೆಲ್ಲಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ನಿಲ್ಲುತ್ತಿದ್ದನಂತೆ. ಮಂದಿ, "ಹೇಳಪಾ, ಆನಿ ಕೊಡ್ಲೋ ಬ್ಯಾಡೋ?" ಎಂದು ಕೆಣಕಿದರೆ ಹೇಳುವುದಿಲ್ಲವೆಂದು ತಲೆ ಅಲ್ಲಾಡಿಸುತ್ತಿದ್ದನಂತೆ. ಇದನ್ನು ಅವ್ವ ಹೇಳಿದಳು.

ಹೊಲದ ಒಂದು ವ್ಯಾಜ್ಯದ ಸಲುವಾಗಿ ವಕೀಲರು ಒಮ್ಮೆ ಮೋಟಾರಿನಲ್ಲಿ ತಿಕೋಟಾಕ್ಕೆ ಬಂದರು. ನಾನು ಸೂಟಿಗೆ ಊರಲ್ಲಿದ್ದೆ. ಕೆಲಸ ಮುಗಿಸಿ, "ನಿಮ್ಮ ಕಟ್ಟಿ ತೋರಿಸೋ, ಅಲ್ಲೇ ಒಂದ ಕೈ ಆಡೂಣು" ಎಂದರು. ಕರಿ ಕೋಟು ಬಿಚ್ಚಿ ಮಡಚಿಟ್ಟು ಕಟ್ಟೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಅರ್ಧ ಊರು ನೆರೆಯಿತು. ಮೊದಮೊದಲು ಎಲ್ಲರೂ ಮರ್ಯಾದೆಗೆ ಬಾಯಿ ಮುಚ್ಚಿಕೊಂಡಿದ್ದರು. ವಕೀಲರೇ, "ಇದೇನ್ರಿ, ಕಟ್ಟಿಗೆ ಬಂದೀನಿ, ಒಬ್ಬರೂ ಮಾತಾಡವಲ್ಲರಿ?" ಎಂದರು. ಆಮೇಲೆ ಕೇಳಬೇಕೇ? ಒಂಟಿ, ಕುದುರಿ, ಪ್ಯಾದಿ ಎಂದು ನಾಲ್ಕೂ ಕಡೆಯಿಂದ ಗದ್ದಲ ಎದ್ದಿತು. ಚಾಚಾ ವಕೀಲರ ಕಡೆ ಸೇರಿ ನನ್ನ ವಿರುದ್ಧವೇ ನಡೆ ಹೇಳತೊಡಗಿದರು.

ಅಪ್ಪ ನನ್ನ ಹಿಂದೆ ನಿಂತಿದ್ದ. ಟವೆಲ್ಲು ಬಾಯಿಯ ಮೇಲೆ ಇತ್ತು. ಅಷ್ಟು ಮಂದಿಯಲ್ಲಿ ಸುಮ್ಮನಿದ್ದವನು ಅವನೊಬ್ಬನೇ. ಕಟ್ಟೆಯ ರೂಢಿಯ ಪ್ರಕಾರ ಅವನು ಎದುರಿನವರ ಕಡೆಯವನು. ನನಗೆ ಆಟ ಕಾಣದಾಯಿತು. ಹೊರಳಿ ಕೇಳಿದೆ: "ಯಪ್ಪಾ, ಏನ್ ಮಾಡ್ಲಿ?"

ಅವನು ತಲೆ ಅಲ್ಲಾಡಿಸಿದ, ಅಷ್ಟೇ.

ಆನೆಯನ್ನು ಎತ್ತಿ ವಕೀಲರ ಪ್ಯಾದೆಯ ಮುಂದೆ ಇಟ್ಟೆ. ಅಲ್ಲಿ ಅದರಿಂದ ಏನೂ ಆಗುವುದಿರಲಿಲ್ಲ. ಸುಮ್ಮನೆ ಕೊಟ್ಟ ಆನೆ. ಕಟ್ಟೆ ಹೋ ಎಂದಿತು. ವಕೀಲರು ನನ್ನನ್ನೊಮ್ಮೆ, ನನ್ನ ಹಿಂದೆ ನಿಂತವನನ್ನೊಮ್ಮೆ ನೋಡಿ, ಹೊಡೆಯಲೋ ಬೇಡವೋ ಎನ್ನುವ ಹಾಗೆ ತಡೆದು, ಆಮೇಲೆ ಹೊಡೆದರು. ಸ್ವಲ್ಪ ಹೊತ್ತಿನಲ್ಲಿ ನಾನು ಸೋತೆ. ಊರಿನ ಮಂದಿಗೆ ಅದು ದೊಡ್ಡ ನಿರಾಸೆಯಾಯಿತು.

ಸಂಜೆ ಪಡಸಾಲೆಯಲ್ಲಿ ಅಪ್ಪ, ನಾನು ಊಟಕ್ಕೆ ಕೂತೆವು. ಅವ್ವ ಬಿಸಿ ರೊಟ್ಟಿ ಹಾಕಿ ಒಳಗೆ ಹೋದಳು. ಅಪ್ಪ ರೊಟ್ಟಿ ಮುರಿದು, ತಿನ್ನದೆ ಗಂಗಾಳದಲ್ಲೇ ಇಟ್ಟ.

"ಆನಿ ನನ್ನ ಸಲುವಾಗಿ ಕೊಟ್ಟಿ" ಎಂದ. ಅವನು ಆಟದ ಬಗ್ಗೆ ಇಷ್ಟು ಸಣ್ಣ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. "ಇನ್ನ ಮ್ಯಾಲ ನನ್ನ ಸಲುವಾಗಿ ಸೋಲಬ್ಯಾಡಪಾ. ಎರಡ ಸಲ ಆತು."

ನಾನು ತಲೆ ಬಗ್ಗಿಸಿಕೊಂಡು ಊಟ ಮಾಡಿದೆ. ಅಪ್ಪ ತನ್ನ ಗಂಗಾಳದ ಹಿಂಡಿಯನ್ನು ನನ್ನ ರೊಟ್ಟಿಯ ಮೇಲೆ ಹಾಕಿದ.